ಅಂಬಾಝರಿಯ ಕೋಡಿ

ನಾಗಪುರದ ಮಹಾಲ್‌ನಲ್ಲಿ ನಮ್ಮ ಬಾಡಿಗೆ ಮನೆ. ಗಾಂಧಿ ಗೇಟ್ ದಾಟಿದರೆ ಭೋಸ್ಲೆ ಅರಸರ ಕಾಲದ ಹಳೇ ಊರು. ಕೆಲವು ಗಲ್ಲಿಗಳಲ್ಲಿ ಎರಡು ಸ್ಕೂಟರ್ ಎದುರಾದರೆ ಒಂದು ಹಿಂದೆ ಸರಿಯಬೇಕು. ಕಳೆದ ಡಿಸೆಂಬರ್‌ನಲ್ಲಿ ಚನ್ನಗಿರಿ ಕಡೆಯ ನಮ್ಮ ಹಳ್ಳಿಯಿಂದ ಅಪ್ಪ ಬಂದಿದ್ದರು. ನಾಲ್ಕನೇ ದಿನಕ್ಕೇ ‘ಈ ಊರಲ್ಲಿ ಆಕಾಶ ಎಲ್ಲಿ ಇಟ್ಟಿದ್ದಾರೋ?’ ಎಂದರು. ಭಾನುವಾರ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಎಲ್ಲರೂ ಅಂಬಾಝರಿ ಜೀವವೈವಿಧ್ಯ ಉದ್ಯಾನಕ್ಕೆ ಹೊರಟೆವು.

ಉದ್ಯಾನ ಎಂದರೆ ಹೂವಿನ ಪಾತಿ, ಕಾರಂಜಿ ಅಂದುಕೊಳ್ಳಬೇಡಿ. ಅರಣ್ಯ ಇಲಾಖೆ ನೋಡಿಕೊಳ್ಳುವ, ಕೆರೆಯ ಹಿನ್ನೀರಿಗೆ ಅಂಟಿಕೊಂಡ ಹುಲ್ಲುಗಾವಲು, ಕುರುಚಲು ಕಾಡು. ಡಿಸೆಂಬರ್‌ನಲ್ಲಿ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ಏಳು ವರ್ಷದ ಮಗಳು ಬಾಡಿಗೆ ಸೈಕಲ್ ಬೇಕೆಂದು ಹಟ ಹಿಡಿದಳು. ಪೆಡಲ್ ತುಳಿದು ಏದುಸಿರು ಬಿಟ್ಟವನು ನಾನು. ದಿನವಿಡೀ ಕುರ್ಚಿಯಲ್ಲಿ ಕೂರುವ ಸಾಫ್ಟ್‌ವೇರ್ ಮಂದಿಯ ಮೊಣಕಾಲಿನ ಬಗ್ಗೆ ಹೆಚ್ಚು ಹೇಳುವುದು ಬೇಡ. ಅಪ್ಪ ಮಾತ್ರ ನಿಧಾನಕ್ಕೆ ನಡೆಯುತ್ತಾ ‘ಅಗೋ ಮಿಂಚುಳ್ಳಿ, ಅಗೋ ಕಳ್ಳಿಪೀರ’ ಎಂದು ತೋರಿಸುತ್ತಿದ್ದರು. ಮಗಳು ಅವೆರಡೂ ಹೆಸರನ್ನು ಮೊದಲ ಬಾರಿ ಕೇಳಿದ್ದು. ಶಾಲೆಯಲ್ಲಿ ಮರಾಠಿ, ಇಂಗ್ಲಿಷ್. ಮನೆಯಲ್ಲಿ ನಾವಾಡುವ ಕನ್ನಡದಲ್ಲಿ ಹಕ್ಕಿಗಳೇ ಇರಲಿಲ್ಲ.

ನೀರಿನಂಚಿನಲ್ಲಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು: ‘ಈ ಕೆರೆಗೆ ಕೋಡಿ ಎಲ್ಲಿದೆ?’

ನಮ್ಮ ಕಡೆಯವರಿಗೆ ಕೆರೆ ಕಂಡರೆ ಬರುವ ಪ್ರಶ್ನೆಯೇ ಅದು. ಸೂಳೆಕೆರೆ ಕೋಡಿ ಬಿತ್ತೆಂದರೆ ಸುತ್ತಲ ಊರುಗಳ ಜನ ನೋಡಲು ಹೊರಡುತ್ತಾರೆ. ಊರ ಕೆರೆ ತುಂಬಿದರೆ ಬಾಗಿನ ಬಿಡುತ್ತಾರೆ. ಚಿಕ್ಕವನಿದ್ದಾಗ ಅಪ್ಪನ ಹೆಗಲೇರಿ ಕೋಡಿ ನೀರು ನೋಡಿದ್ದು ನನಗೆ ಈಗಲೂ ನೆನಪಿದೆ. ಎಂ.ಟೆಕ್ ಮಾಡಿದರೂ, ವರ್ಷಗಳಿಂದ ಇಲ್ಲೇ ಇದ್ದರೂ, ಅಂಬಾಝರಿಯ ಬಗ್ಗೆ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಹೊಳೆಯುವಂತೆ ಮಾಡಿದ್ದು ಒಂದು ರಾತ್ರಿ.

2023ರ ಸೆಪ್ಟೆಂಬರ್ 23ರ ನಸುಕು. ಕೆಲವೇ ಗಂಟೆಗಳಲ್ಲಿ 100 ಮಿ.ಮೀ. ಮೀರಿ ಮಳೆ ಸುರಿದು ಅಂಬಾಝರಿ ತುಂಬಿ ಹರಿಯಿತು. ನಾನು ಆನ್‌ಕಾಲ್ ಕೆಲಸದಲ್ಲಿ ಎಚ್ಚರವಿದ್ದೆ. ಕೆರೆಯ ಕೆಳಗಿನ ಬಡಾವಣೆಯಲ್ಲಿದ್ದ ಸಹೋದ್ಯೋಗಿ ಫೋನ್ ಮಾಡಿ, ‘ಅಮ್ಮನನ್ನು ಊಟದ ಮೇಜಿನ ಮೇಲೆ ಕೂರಿಸಿದ್ದೇನೆ, ನೀರು ಏರುತ್ತಲೇ ಇದೆ’ ಎಂದ. ಸಾವಿರಾರು ಮನೆಗಳಿಗೆ ನೀರು ನುಗ್ಗಿತು, ಜೀವಗಳೂ ಹೋದವು.

ಹಿಂತಿರುಗುವಾಗ ಅಪ್ಪನಿಗೆ ಕೆರೆಯ ಪೂರ್ವ ದಂಡೆಯ ಕೋಡಿ ತೋರಿಸಿದೆ. ನಗರದ ನೀರಿಗೆಂದು 1870ರಲ್ಲಿ ಕಟ್ಟಿದ ಕೆರೆ ಇದು. ಕೋಡಿಯ ಬಳಿ ಈಗ ವಿವೇಕಾನಂದ ಸ್ಮಾರಕವಿದೆ. ಅದು ನೀರಿಗೆ ಅಡ್ಡವೇ ಅಲ್ಲವೇ ಎಂಬ ತಕರಾರು ಹೈಕೋರ್ಟ್‌ನ ನಾಗಪುರ ಪೀಠದವರೆಗೂ ಹೋಯಿತು. ಅಪ್ಪ ಸ್ಮಾರಕಕ್ಕೆ ಕೈ ಮುಗಿದರು. ಆಮೇಲೆ ಕೆಳಗೆ ಬಗ್ಗಿ, ನೀರು ಹೋಗುವ ದಾರಿಯನ್ನೂ ಅದರ ಎರಡೂ ಕಡೆ ಒತ್ತೊತ್ತಾಗಿ ನಿಂತ ಮನೆಗಳನ್ನೂ ಬಹಳ ಹೊತ್ತು ನೋಡಿದರು. ‘ಕೋಡಿಗೆ ಜಾಗವೇ ಬಿಟ್ಟಿಲ್ಲವಲ್ಲೋ’ ಎಂದರು. ನನಗೆ ಬೇರೆ ಕಡೆಯೂ ಮುಜುಗರ ಇತ್ತು. ನಾನೂ ಅಂಥದೇ ಬಡಾವಣೆಯೊಂದರಲ್ಲಿ ಫ್ಲ್ಯಾಟ್ ನೋಡಿ, ಮುಂಗಡ ಕೊಡುವ ಯೋಚನೆಯಲ್ಲಿದ್ದೆ. ‘ಕೆರೆ ನೋಟ’ ಎಂದು ಬ್ರೋಷರ್‌ನಲ್ಲಿ ದಪ್ಪಕ್ಷರದಲ್ಲಿತ್ತು.

‘ಈ ನೀರು ಎಲ್ಲಿಗೆ ಹೋಗತ್ತೆ?’ ಮಗಳ ಪ್ರಶ್ನೆ.

ನಮ್ಮನೆ ಕಡೆಗೇ ಎಂದೆ. ಪಶ್ಚಿಮದ ಲಾವಾ ಗುಡ್ಡಗಳಿಂದ ಬರುವ ನಾಗ್ ನದಿ ಅಂಬಾಝರಿ ದಾಟಿ, ಸೀತಾಬರ್ಡಿ ಕಡೆಯಿಂದ ಮಹಾಲ್‌ನ ಪಕ್ಕದಲ್ಲೇ ಹರಿದು, ಮುಂದೆ ಕನ್ಹಾನ್ ನದಿ ಸೇರುತ್ತದೆ. ಊರಿಗೆ ಹೆಸರು ಕೊಟ್ಟ ನದಿ. ಅವಳು ನಂಬಲಿಲ್ಲ. ‘ಅದು ನಾಲಾ ಅಲ್ವಾ? ಮೂಗು ಮುಚ್ಕೊಂಡು ದಾಟ್ತೀವಲ್ಲ, ಅದು?’

ಸಂಜೆ ಆ ಸೇತುವೆ ಮೇಲೆ ಕಾರು ನಿಲ್ಲಿಸಿ ಎಂದಳು. ಹಿಂದಿನವರು ಹಾರ್ನ್ ಹೊಡೆದರು, ಆದರೂ ಒಂದು ನಿಮಿಷ ನಿಲ್ಲಿಸಿದೆ. ಗಾಜು ಇಳಿಸಿ ಇಣುಕಿದಳು. ಮೂಗು ಮುಚ್ಚಿಕೊಂಡೇ ಇಣುಕಿದಳು.

ಫ್ಲ್ಯಾಟ್ ಮಾತು ಸದ್ಯಕ್ಕೆ ಅಲ್ಲಿಗೇ ನಿಂತಿದೆ. ಮಳೆಗಾಲದಲ್ಲಿ ಅಪ್ಪ ಫೋನ್ ಮಾಡಿದಾಗ ಮೊದಲು ಹೇಳುವುದು ಸೂಳೆಕೆರೆಯ ಸುದ್ದಿ: ‘ಇನ್ನೊಂದು ಮಳೆ ಬಂದರೆ ಕೋಡಿ ಬೀಳತ್ತೆ ನೋಡು!’ ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ, ‘ನಿಮ್ಮ ಅಂಬಾಝರಿ? ಇನ್ನೂ ಬಿದ್ದಿಲ್ಲ ತಾನೇ?’