ತಳಿ ಸುಧಾರಣೆಗೆ ಗಣಕಯಂತ್ರದ ನೆರವು



ಒಂದು ಹೋರಿ ಒಳ್ಳೆಯದೋ ಅಲ್ಲವೋ ಎಂದು ತಿಳಿಯಬೇಕಾದರೆ ಅದಕ್ಕೆ ಹುಟ್ಟಿದ ಹೆಣ್ಣುಕರುಗಳು ಬೆಳೆದು, ಕಡಸಾಗಿ, ಕರು ಹಾಕಿ, ಹಾಲು ಕೊಡುವವರೆಗೆ ಕಾಯಬೇಕು. ಇದಕ್ಕೆ ಐದಾರು ವರ್ಷಗಳೇ ಹಿಡಿಯುತ್ತವೆ. ಈಗ ಕರು ಚಿಕ್ಕದಿರುವಾಗಲೇ ಅದರ ರಕ್ತದ ಮಾದರಿಯಿಂದ ಗುಣವನ್ನು ಅಂದಾಜು ಮಾಡುವ ವಿಧಾನ ಬಂದಿದೆ. ಇದಕ್ಕೆ ನೆರವಾಗುವ ಶಾಸ್ತ್ರವೇ ಜೈವಿಕ ಮಾಹಿತಿ ವಿಜ್ಞಾನ. "ಇದು ವಿಶ್ವವಿದ್ಯಾಲಯದವರ ವಿಷಯ, ನಮಗೇಕೆ?" ಎಂದು ಸದಸ್ಯರು ಕೇಳಬಹುದು. ಆದರೆ ಇದರಲ್ಲಿ ನಮ್ಮ ಕೊಟ್ಟಿಗೆಯ ಪಾಲೂ ಇದೆ.

ನಾಲ್ಕು ಅಕ್ಷರಗಳ ಬರಹ

ರಾಸಿನ ಜೀವಕೋಶಗಳಲ್ಲಿ ಡಿ.ಎನ್.ಎ. ಎಂಬ ವಸ್ತುವಿದೆ. ತಂದೆ-ತಾಯಿಯಿಂದ ಬಂದ ಗುಣಗಳು ಅದರಲ್ಲಿ ನಾಲ್ಕೇ ಅಕ್ಷರಗಳಲ್ಲಿ ಬರೆದಿಟ್ಟಂತೆ ಅಡಕವಾಗಿವೆ. ಹಸುವಿನಲ್ಲಿ ಈ ಬರಹದ ಉದ್ದ ಸುಮಾರು 300 ಕೋಟಿ ಅಕ್ಷರಗಳು. ಪುಟಕ್ಕೆ 3,000 ಅಕ್ಷರಗಳಂತೆ ಅಚ್ಚು ಹಾಕಿಸಿದರೆ 10 ಲಕ್ಷ ಪುಟಗಳಾಗುತ್ತವೆ! ಅಮೆರಿಕದ ಹೆರ್‌ಫರ್ಡ್ ತಳಿಯ ಒಂದು ಹಸುವಿನ ಬರಹವನ್ನು ಹಲವು ದೇಶಗಳ ವಿಜ್ಞಾನಿಗಳು ಸೇರಿ ಓದಿ 2009ರಲ್ಲಿ ಪ್ರಕಟಿಸಿದರು. ಸಾವಿರಾರು ರಾಸುಗಳ ಇಂತಹ ಬರಹಗಳನ್ನು ಹೋಲಿಸಿ ನೋಡುವುದು ಗಣಕಯಂತ್ರವಿಲ್ಲದೆ ಸಾಧ್ಯವಿಲ್ಲ.

ಹೊರಗಿನ ಅಳತೆ ನಮಗೆ ಸಾಲದು

ಡಿ.ಜಿ.ಎ.ಟಿ.-1 ಎಂಬ ವಂಶವಾಹಿ ಹಾಲಿನ ಜಿಡ್ಡಿಗೆ ಸಂಬಂಧಪಟ್ಟದ್ದು. ಇದರಲ್ಲಿ ಎರಡು ಬಗೆಗಳಿವೆ. ಒಂದು ಬಗೆಯಿದ್ದರೆ ಜಿಡ್ಡು ಹೆಚ್ಚು, ಹಾಲು ತುಸು ಕಡಿಮೆ. ಇನ್ನೊಂದಿದ್ದರೆ ಹಾಲು ಹೆಚ್ಚು, ಜಿಡ್ಡು ಕಡಿಮೆ. ಹೊರದೇಶಗಳ ವಿಜ್ಞಾನಿಗಳು 2002ರಲ್ಲಿ ಇದನ್ನು ತೋರಿಸಿಕೊಟ್ಟರು. ಹೋಲ್‌ಸ್ಟೀನ್ ರಾಸುಗಳಲ್ಲಿ ಈ ಎರಡೂ ಬಗೆಗಳು ಕಂಡುಬರುತ್ತವೆ. ಆದರೆ ಹರಿಯಾಣದ ಕರ್ನಾಲಿನ ವಿಜ್ಞಾನಿಗಳು ನಮ್ಮ ದೇಶೀ ಹಸು ಮತ್ತು ಎಮ್ಮೆಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವರದಿಯಂತೆ, ಅವುಗಳಲ್ಲಿ ಜಿಡ್ಡು ಹೆಚ್ಚಿಸುವ ಬಗೆಯೇ ಇದೆ. ಎಲ್ಲ ರಾಸುಗಳಲ್ಲೂ ಒಂದೇ ಬಗೆಯಿದ್ದ ಮೇಲೆ ಆ ಗುರುತಿನಿಂದ ದೇಶೀ ಹೋರಿಗಳಲ್ಲಿ ಮೇಲು ಕೀಳು ಆರಿಸಲಾಗದು. ಆದ್ದರಿಂದ ನಮ್ಮ ರಾಸುಗಳ ಬರಹವನ್ನು ನಮ್ಮವರೇ ಓದಬೇಕು.

ಸಂಶೋಧಕರಿಗೆ ತರಬೇತಿ

ಪಶುವೈದ್ಯ ಸಂಶೋಧಕರಿಗೆ ರಾಸು ಗೊತ್ತು, ಗಣಕಯಂತ್ರದ ಲೆಕ್ಕ ಗೊತ್ತಿಲ್ಲ. ಲೆಕ್ಕ ಬಲ್ಲವರಿಗೆ ರಾಸು ಗೊತ್ತಿಲ್ಲ. ಈ ಕೊರತೆ ನೀಗಿಸಲು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 1986-87ರಲ್ಲೇ ಮಾಹಿತಿ ಕೇಂದ್ರಗಳ ಜಾಲವನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿ ಸೇರಿತ್ತು. ಮುಂದೆ ದೆಹಲಿಯ ಭಾರತೀಯ ಕೃಷಿ ಸಾಂಖ್ಯಿಕ ಸಂಶೋಧನಾ ಸಂಸ್ಥೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರ ತೆರೆಯಿತು. 'ಅಶೋಕ' ಎಂಬ ಭಾರಿ ಗಣಕಯಂತ್ರವೂ ಅಲ್ಲಿಗೆ ಬಂತು. ಪ್ರತಿ ವಿಶ್ವವಿದ್ಯಾಲಯವೂ ಇಂತಹ ಯಂತ್ರ ಕೊಳ್ಳಲಾಗದು. ನಮ್ಮ ಸಂಘಗಳ ಹಾಲನ್ನು ಒಂದೇ ಶೀತಲ ಕೇಂದ್ರ ತಂಪು ಮಾಡುವಂತೆ, ಒಂದು ಕಡೆಯ ಸೌಲಭ್ಯವನ್ನು ಹಲವರು ಬಳಸುವ ಏರ್ಪಾಡು ಇದು. ಕೃಷಿ ಮತ್ತು ಪಶುವೈದ್ಯಕೀಯ ಸಂಶೋಧಕರಿಗೆ ಅಲ್ಲಿ ತರಬೇತಿಯೂ ದೊರೆಯುತ್ತದೆ. 2024ರ ಅಕ್ಟೋಬರ್‌ನಲ್ಲಿ ದೇಶೀ ಹಸುಗಳಿಗೆ 'ಗೌ ಚಿಪ್', ಎಮ್ಮೆಗಳಿಗೆ 'ಮಹಿಷ್ ಚಿಪ್' ಬಿಡುಗಡೆಯಾದವು. ಇಡೀ ಬರಹವನ್ನು ಓದದೆ, ಆಯ್ದ ಜಾಗಗಳಲ್ಲಿರುವ ಅಕ್ಷರಗಳನ್ನಷ್ಟೇ ಇವು ತಿಳಿಸುತ್ತವೆ. ಇದರಿಂದ ಓದಬಲ್ಲವರ ಅಗತ್ಯ ಇನ್ನೂ ಹೆಚ್ಚಿದೆ.

ಸದಸ್ಯರ ಹೊಣೆ

ಯಾವ ಅಕ್ಷರಕ್ಕೆ ಎಷ್ಟು ಹಾಲು ಎಂಬುದು ರಕ್ತದಿಂದ ಮಾತ್ರ ತಿಳಿಯದು. ಆ ರಾಸು ನಿಜವಾಗಿ ಎಷ್ಟು ಹಾಲು ಕೊಟ್ಟಿತು ಎಂಬ ಲೆಕ್ಕವೂ ಬೇಕು. ಅದು ಸಿಗುವುದು ಎರಡು-ಮೂರು ರಾಸು ಸಾಕುವ ನಮ್ಮಂಥವರ ಮನೆಯಲ್ಲೇ. ಹಾಲು ದಾಖಲಾತಿ ನಡೆಯುವ ಊರುಗಳ ಸದಸ್ಯರು ಈ ಅಂಶಗಳನ್ನು ಗಮನದಲ್ಲಿಡಬೇಕು:

1. ರಾಸಿನ ಕಿವಿಯೋಲೆಯನ್ನು ತೆಗೆಯಬಾರದು. ಬಿದ್ದುಹೋದರೆ ಕೂಡಲೇ ತಿಳಿಸಬೇಕು.

2. ಗರ್ಭಧಾರಣೆ ಮಾಡಿಸಿದ ದಿನ, ಕರು ಹಾಕಿದ ದಿನಗಳನ್ನು ಸರಿಯಾಗಿ ಬರೆಸಬೇಕು.

3. ಅಳತೆಯ ದಿನ ಎಂದಿನಂತೆಯೇ ಮೇವು ಹಾಕಿ, ಎಂದಿನಂತೆಯೇ ಕರೆಯಬೇಕು. ಹೆಮ್ಮೆಗೆಂದು ಒಂದು ಲೀಟರ್ ಹೆಚ್ಚು ಹೇಳಬಾರದು.

ತಪ್ಪು ಲೆಕ್ಕದಿಂದ ತಪ್ಪು ಹೋರಿ ಆಯ್ಕೆಯಾದರೆ, ಅದರ ವೀರ್ಯ ನಾಳೆ ನಮ್ಮೂರಿಗೇ ಬರುತ್ತದೆ. ನಷ್ಟವೂ ನಮ್ಮದೇ.

ಒಳ್ಳೆಯ ತಳಿಯೊಂದಿದ್ದರೆ ಎಲ್ಲವೂ ಆಯಿತೆಂದಲ್ಲ. ಹಸಿರು ಮೇವು, ಖನಿಜ ಮಿಶ್ರಣ, ಶುದ್ಧ ನೀರು ಕೊಡದಿದ್ದರೆ ಬರಹದಲ್ಲಿರುವ ಹಾಲು ಪಾತ್ರೆಗೆ ಬಾರದು. ಸಂಶೋಧಕರು ಬರಹ ಓದುವುದನ್ನು ಕಲಿಯಲಿ. ನಾವು ಲೆಕ್ಕವನ್ನು ನೇರವಾಗಿ ಇಡೋಣ.