ಕಾಲಿಗೆ ತಕ್ಕ ಹಾಸಿಗೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಮ್ಮ ಮನೆಯಲ್ಲಿ ಮೂರು ತಲೆಮಾರುಗಳಿಂದ ವೇದವಾಕ್ಯದಂತೆ ಪಾಲಿಸಿಕೊಂಡು ಬಂದಿದ್ದೇವೆ. ನಮ್ಮ ತಂದೆಯವರು ಅದನ್ನು ನನಗೆ ಹೇಳಿದರು. ನಾನು ನನ್ನ ಮಗನಿಗೆ ಹೇಳಿದೆ. ಹೊಸ ಸೈಕಲ್ಲು ಬೇಕೆಂದಾಗ ಹೇಳಿದೆ. ಸ್ನೇಹಿತರೊಡನೆ ಪ್ರವಾಸ ಹೋಗುತ್ತೇನೆಂದಾಗ ಹೇಳಿದೆ. ಗಾದೆಯಲ್ಲಿ ಹಾಸಿಗೆಯೆಂದರೆ ವರಮಾನ, ಕಾಲೆಂದರೆ ಖರ್ಚು ಎಂದು ತರಗತಿಯಲ್ಲಿ ಬಿಡಿಸಿ ಹೇಳುವುದೇ ನನ್ನ ಜೀವನೋಪಾಯ. ಆದರೂ ಆ ಮಾತನ್ನು ಹುಡುಗನೊಬ್ಬ ಅಕ್ಷರಶಃ ಆಚರಿಸುತ್ತಿರಬಹುದೆಂಬ ಸಂಶಯ ನನಗೆ ಎಂದೂ ಬಂದಿರಲಿಲ್ಲ.

ಮಗನಿಗೆ ಈಗ ಹದಿನೈದು ವರ್ಷ. ಅವನ ವಿಷಯದಲ್ಲಿ ನನಗಿದ್ದ ದೊಡ್ಡ ಆಕ್ಷೇಪಣೆಯೆಂದರೆ, ಬೆಳಗ್ಗೆ ಏಳುವುದಿಲ್ಲವೆಂಬುದು. ಆರು ಗಂಟೆಗೆ ಒಂದು ಸಲ, ಆರೂವರೆಗೆ ಒಂದು ಸಲ, ಏಳಕ್ಕೆ ನೆರೆಮನೆಯವರಿಗೂ ಕೇಳುವಂತೆ ಮತ್ತೊಂದು ಸಲ ನಾನು ಸುಪ್ರಭಾತ ಹಾಡಬೇಕಾಗಿತ್ತು. ಕುಂಭಕರ್ಣನನ್ನು ಎಬ್ಬಿಸಲು ರಾವಣನಿಗೆ ಆನೆಗಳಾದರೂ ಇದ್ದವು. ನನಗಿದ್ದದ್ದು ಬಾಯಿ ಮಾತ್ರ. “ಬೆಳೆಯುವ ಹುಡುಗ, ಮಲಗಲಿ ಬಿಡೋ” ಎಂದು ನನ್ನ ತಾಯಿ ಮೊಮ್ಮಗನ ವಕಾಲತ್ತು ವಹಿಸುತ್ತಿದ್ದರು. “ಬೆಳೆದದ್ದು ಸಾಕು, ಬುದ್ಧಿ ಬೆಳೆಯಲಿ” ಎಂದು ನಾನು ತೀರ್ಪು ಕೊಡುತ್ತಿದ್ದೆ.

ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಬಾಯಾರಿಕೆಯಾಗಿ ಎದ್ದವನು ಅವನ ಕೋಣೆಯತ್ತ ಇಣುಕಿದೆ. ಮಂಚ ಬರಿದಾಗಿತ್ತು. ಹುಡುಗ ಕೆಳಗೆ, ಒಂದು ಜಮಖಾನದ ಮೇಲೆ, ಗೋಡೆಯ ಪಕ್ಕಕ್ಕೆ ಉದ್ದಕ್ಕೆ ಚಾಚಿಕೊಂಡಿದ್ದ. ತಲೆಗೆ ದಿಂಬಿಲ್ಲ, ಮಡಿಸಿದ ತೋಳಿತ್ತು. ಆಗಲೇ ಎಬ್ಬಿಸುವ ಮನಸ್ಸಾಗಲಿಲ್ಲ. ಬೆಳಗ್ಗೆ ಕಾಫಿಯ ಹೊತ್ತಿನಲ್ಲಿ ಕೇಳಿದೆ.

“ಮಂಚದಲ್ಲಿ ಕಾಲು ಹಿಡಿಸುವುದಿಲ್ಲ, ಅಪ್ಪ” ಎಂದ.

“ಎಂದಿನಿಂದ?”

“ಯುಗಾದಿಯಿಂದ ಅಂತ ಕಾಣುತ್ತೆ.”

ಆಗ ನವರಾತ್ರಿ ಸಮೀಪಿಸಿತ್ತು. “ಇಷ್ಟು ದಿನ ಹೇಳಲಿಲ್ಲವೇಕೋ?” ಎಂದದ್ದಕ್ಕೆ ಅವನು ಕೊಂಕಿಲ್ಲದೆ, ನಗೆಯೂ ಇಲ್ಲದೆ ಹೇಳಿದ: “ನೀವೇ ಹೇಳ್ತೀರಲ್ಲ, ಹಾಸಿಗೆ ಇದ್ದಷ್ಟು…”

ಲೋಟದಲ್ಲಿದ್ದ ಕಾಫಿ ಆರಿಹೋಯಿತು. ಆ ಮಂಚವನ್ನು ಮಾಡಿಸಿದ್ದು ಅವನಿಗೆ ಎಂಟು ವರ್ಷವಾಗಿದ್ದಾಗ. ಉದ್ದ ಐದೂವರೆ ಅಡಿ. ಅಳತೆಪಟ್ಟಿ ತಂದು ಹುಡುಗನನ್ನು ಗೋಡೆಗೆ ನಿಲ್ಲಿಸಿ ಅಳೆದೆ. ಐದು ಅಡಿ ಒಂಬತ್ತು ಅಂಗುಲ. ಮೂರಂಗುಲ ಹುಡುಗ ಮಂಚದ ಹೊರಗೆ! ಗಂಡುಹುಡುಗರು ಭರದ ಬೆಳವಣಿಗೆಯ ಕಾಲದಲ್ಲಿ ವರ್ಷಕ್ಕೆ 9–10 ಸೆಂಟಿಮೀಟರಿನಷ್ಟು ಬೆಳೆಯುವುದುಂಟು. ಹೆಣ್ಣುಮಕ್ಕಳು ಇದೇ ಓಟವನ್ನು ಸುಮಾರು ಎರಡು ವರ್ಷ ಮೊದಲೇ ಓಡಿ ಮುಗಿಸುತ್ತಾರೆ. ಷರಾಯಿ ಗಿಡ್ಡವಾದರೆ ಬೀದಿಯವರಿಗೆಲ್ಲ ಕಾಣುತ್ತದೆ, ಆದ್ದರಿಂದ ಹೊಸದು ಹೊಲಿಸುತ್ತೇವೆ. ಮಂಚ ಗಿಡ್ಡವಾದದ್ದು ಮಲಗಿದವನ ಹೊರತು ಯಾರಿಗೂ ಕಾಣುವುದಿಲ್ಲ.

ನನ್ನ ತಪ್ಪಿಗೆ ಒಂದು ಸಮಾಧಾನವುಂಟು. ನಾವು ಹುಡುಗರಾಗಿದ್ದಾಗ ಹಾಸಿಗೆಯನ್ನು ಆರಿಸುವುದೆಂಬ ಪ್ರಶ್ನೆಯೇ ಇರಲಿಲ್ಲ. ನಡುಮನೆಯಲ್ಲಿ ಸಾಲಾಗಿ ಚಾಪೆ ಬಿಚ್ಚುತ್ತಿದ್ದರು. ಅಣ್ಣತಮ್ಮಂದಿರು, ರಜೆಗೆ ಬಂದ ಸೋದರತ್ತೆಯ ಮಕ್ಕಳು, ಎಲ್ಲರಿಗೂ ಅದರಲ್ಲೇ ಜಾಗ. ಕಾಲಿಗೆ ಎಲ್ಲೆಯೆಂದರೆ ಎದುರು ಗೋಡೆ ಮಾತ್ರ. ಬೆಳಗಾದರೆ ಹಾಸಿಗೆ ಸುತ್ತಿ ಮೂಲೆಗೆ ನಿಲ್ಲಿಸಿದರಾಯಿತು, ಮಲಗುವ ಮನೆಯೇ ಊಟದ ಮನೆಯಾಗುತ್ತಿತ್ತು. ಹತ್ತಿಯ ಹಾಸಿಗೆ ಹಿರಿಯರಿಗೆ ಸಲ್ಲತಕ್ಕದ್ದು. ಕೆಲವು ವರ್ಷಕ್ಕೊಮ್ಮೆ ಪಿಂಜಾರರವನು ಬಿಲ್ಲನ್ನು ಹೆಗಲಿಗೇರಿಸಿಕೊಂಡು ಬೀದಿಯಲ್ಲಿ ಬರುತ್ತಿದ್ದ. ಅಂಗಳದಲ್ಲಿ ಹಾಸಿಗೆಯ ಹೊಟ್ಟೆ ಬಗೆದು, ಗಂಟುಗಟ್ಟಿದ ಹತ್ತಿಯನ್ನು ಹೊರಗೆ ಸುರಿದು, ಬಿಲ್ಲಿನ ನಾರಿಯನ್ನು ಮಿಡಿದು ಹಿಂಜುತ್ತಿದ್ದ. ಆ ಝೇಂಕಾರ ಈಗಲೂ ಕಿವಿಯಲ್ಲಿದೆ. ಹಿಡಿಯಷ್ಟಿದ್ದ ಹತ್ತಿ ಬೆಟ್ಟದಂತೆ ಉಬ್ಬುತ್ತಿತ್ತು. ನಾವು ಅದರಲ್ಲಿ ಬಿದ್ದು ಬೈಸಿಕೊಳ್ಳುತ್ತಿದ್ದೆವು. ಸಂಜೆಗೆ ಹಳೆಯ ಹಾಸಿಗೆಯೇ ಹೊಸದಾಗಿರುತ್ತಿತ್ತು. ಇಂದಿನ ಹಾಸಿಗೆಗಳಲ್ಲಿ ಎಷ್ಟೋ ಗುಣಗಳಿವೆ. ಹೀಗೆ ಮರುಹುಟ್ಟು ಪಡೆಯುವ ಗುಣ ಮಾತ್ರ ಇಲ್ಲ.

ಹಾಸಿಗೆಯಲ್ಲಿ ಮುಖ್ಯವಾದದ್ದು ಮೃದುತ್ವವೋ ಯೋಗ್ಯತೆಯೋ ಎಂಬ ಚರ್ಚೆ ನಮ್ಮಲ್ಲಿ ಹಳೆಯದು. ಕಥೆಗಳ ರಾಜಕುಮಾರರಿಗೆ ಹಂಸತೂಲಿಕಾತಲ್ಪವೇ ಆಗಬೇಕು. ಆದರೆ ಶರಶಯ್ಯೆಯ ಮೇಲೆ ಒರಗಿದ ಭೀಷ್ಮನು ತಲೆಗೆ ಆಸರೆ ಬೇಕೆಂದಾಗ, ಅರಸರು ತಂದ ಮೆತ್ತನೆಯ ದಿಂಬುಗಳನ್ನು ಒಲ್ಲದೆ ಅರ್ಜುನನ ಕಡೆ ನೋಡಿದ. ಅರ್ಜುನ ಮೂರು ಬಾಣಗಳನ್ನು ನೆಲಕ್ಕೆ ನೆಟ್ಟು ಆ ತಲೆಯನ್ನು ಎತ್ತಿ ಹಿಡಿದ. ಮಲಗಿದವನಿಗೆ ಏನು ತಕ್ಕದ್ದೆಂಬುದನ್ನು ಅವನೊಬ್ಬ ಅರಿತಿದ್ದ. ಹಾಸಿಗೆ ಕೊಳ್ಳಲು ಹೊರಟವನಿಗೆ ಬೇಕಾದದ್ದು ಆ ಅರ್ಜುನದೃಷ್ಟಿ. ನನಗಿದ್ದದ್ದು ಅರಸರ ದೃಷ್ಟಿ.

ಮನೆಯಲ್ಲಿಯೇ ಎರಡು ಪಕ್ಷಗಳಾದವು. ಬೆನ್ನಿಗೆ ಗಟ್ಟಿ ನೆಲವೇ ಶ್ರೇಷ್ಠವೆಂದು ತಾಯಿಯವರ ಮತ. ಮಗುವಿಗೆ ಮೆತ್ತಗಿರಬೇಕೆಂದು ನನ್ನಾಕೆಯ ಮತ. ಈ ವ್ಯಾಜ್ಯವನ್ನು ವೈದ್ಯರೂ ವಿಚಾರಿಸಿದ್ದಾರೆ. ಸ್ಪೇನ್ ದೇಶದಲ್ಲಿ ಸೊಂಟನೋವಿನಿಂದ ಬಳಲುತ್ತಿದ್ದ 313 ಮಂದಿಗೆ ಗಟ್ಟಿ ಹಾಸಿಗೆಗಳನ್ನೂ ಮಧ್ಯಮ ಗಟ್ಟಿತನದವನ್ನೂ ಹಂಚಿ, ಯಾರಿಗೆ ಯಾವುದು ಸಿಕ್ಕಿದೆಯೆಂದು ತಿಳಿಸದೆ ಪರೀಕ್ಷಿಸಿದರು. ಮಧ್ಯಮದವರೇ ಹೆಚ್ಚು ಸುಧಾರಿಸಿದರೆಂದು 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರೆಲ್ಲ ವಯಸ್ಕರು, ನೋವಿದ್ದವರು. ನೋವಿಲ್ಲದ ಹುಡುಗನಿಗೆ ಅದನ್ನೇ ಶಾಸನವೆಂದು ಹೇರುವಂತಿಲ್ಲ. ಆದರೂ ಅತ್ತೆ ಸೊಸೆಯರಿಬ್ಬರಿಗೂ ಅರ್ಧರ್ಧ ಜಯವನ್ನು ಕೊಡುವ ತೀರ್ಪು ಬಹಳ ಅಪರೂಪವಾದ್ದರಿಂದ ನಾನು ಅದನ್ನು ಸಂತೋಷದಿಂದ ಅಂಗೀಕರಿಸಿದೆ.

ಅಂಗಡಿಗೆ ಹೋದೆವು. ಹಾಸಿಗೆಗಳು ಗೋಪುರದಂತೆ ಪೇರಿಸಿದ್ದವು. ಮಾರುವ ತರುಣ ಒಂದೊಂದನ್ನೂ ತಟ್ಟಿ ಒಂದೊಂದು ಬಿರುದು ಹೇಳಿದ. ‘ಆರ್ಥೋಪೆಡಿಕ್’ ಎಂಬ ಬಿರುದು ಹೆಚ್ಚುಕಡಿಮೆ ಎಲ್ಲಕ್ಕೂ ಇತ್ತು. ಹೊದಿಕೆಯ ಮೇಲೆ ಆ ಮಾತನ್ನು ಅಚ್ಚುಹಾಕಿದ ಮಾತ್ರಕ್ಕೆ ಒಳಗೆ ವೈದ್ಯರು ಕುಳಿತಿರುವುದಿಲ್ಲವಷ್ಟೆ. ಬಿರುದುಗಳನ್ನು ಕಳಚಿ ನೋಡಿದರೆ ಪದಾರ್ಥಗಳು ಕೆಲವೇ. ತೆಂಗಿನ ನಾರಿಗೆ ರಬ್ಬರಿನ ಹಾಲನ್ನು ಬೆರೆಸಿ ಒತ್ತಿದ ನಾರಿನ ಹಾಸಿಗೆ ಗಟ್ಟಿ; ಗಾಳಿಯಾಡುತ್ತದೆ, ಸೆಕೆಯ ಊರಿಗೆ ಹಿತ, ಆದರೆ ವರ್ಷಗಳು ಕಳೆದಂತೆ ಮಲಗಿದ ಕಡೆ ತಗ್ಗು ಬೀಳುತ್ತದೆ. ಲ್ಯಾಟೆಕ್ಸ್ ಎಂಬುದು ರಬ್ಬರಿನ ಹಾಲನ್ನೇ ನೊರೆಗಟ್ಟಿಸಿದ್ದು. ಪುಟಿಯುತ್ತದೆ, ಬಾಳುತ್ತದೆ, ಬೆಲೆಯೂ ಹಾಗೆಯೇ. ಸ್ಪ್ರಿಂಗಿನದರಲ್ಲಿ ಒಂದೊಂದು ಸುರುಳಿಯೂ ಬೇರೆ ಚೀಲದಲ್ಲಿದ್ದರೆ ಒಳ್ಳೆಯದು. ಒತ್ತಿದರೆ ಬೆರಳಿನ ಗುರುತು ನಿಧಾನವಾಗಿ ಮಾಯುವ ಮೆಮೊರಿ ಫೋಮ್ ಹುಟ್ಟಿದ್ದು ಮಲಗುವುದಕ್ಕಲ್ಲ. ಅಮೆರಿಕದ ನಾಸಾ ಸಂಸ್ಥೆಗಾಗಿ 1966ರಲ್ಲಿ ಚಾರ್ಲ್ಸ್ ಯೋಸ್ಟ್ ಎಂಬ ತಂತ್ರಜ್ಞ ವಿಮಾನದ ಆಸನಗಳಿಗೆಂದು ರೂಪಿಸಿದ್ದು. ಮೈಯನ್ನು ಚೆನ್ನಾಗಿ ಅಪ್ಪುತ್ತದೆ. ಅಪ್ಪುಗೆಯಲ್ಲಿ ಬಿಸಿಯೂ ಉಂಟು. ಬೇಸಗೆಯ ರಾಯಚೂರಿನಲ್ಲಿ ಇಂಥ ಪ್ರೀತಿ ಯಾರಿಗೆ ಬೇಕು?

ಕೈಯಿಂದ ಒತ್ತಿ ನೋಡಿ ಹಾಸಿಗೆ ಕೊಳ್ಳುವುದು ಅಡಿಗೆಯನ್ನು ಮೂಸಿ ನೋಡಿ ಹೊಟ್ಟೆ ತುಂಬಿತೆಂದಂತೆ. ಯಾರಿಗೆ ಬೇಕೋ ಅವರೇ ಅಂಗಡಿಯಲ್ಲಿ ಸಂಕೋಚ ಬಿಟ್ಟು ಹತ್ತು ನಿಮಿಷವಾದರೂ ಮಲಗಬೇಕು. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಅಂಗೈ ಸಲೀಸಾಗಿ ತೂರಿ ಆಚೆ ಬಂದರೆ ಹಾಸಿಗೆ ಅತಿ ಗಟ್ಟಿ. ಮೈ ಹೂತುಹೋಗಿ ಮಗ್ಗುಲಾಗಲು ಕಷ್ಟಪಡುವಂತಿದ್ದರೆ ಅತಿ ಮೆತ್ತಗೆ. ಮಗ್ಗುಲಾಗಿ ಮಲಗಿದವನನ್ನು ಹಿಂದಿನಿಂದ ನೋಡಿದರೆ ಕತ್ತಿನಿಂದ ಸೊಂಟದವರೆಗೆ ಬೆನ್ನೆಲುಬು ನೇರ ಗೆರೆಯಂತಿರಬೇಕು. ಹದಿವಯಸ್ಸಿನ ಮೈ ಇನ್ನೂ ತುಂಬಿಲ್ಲದ್ದರಿಂದ, ಭಾರಿ ಆಳಿಗೆ ಮಧ್ಯಮವೆನಿಸಿದ್ದು ಹುಡುಗನಿಗೆ ಹಲಗೆಯಂತೆ ತೋರಬಹುದು. ಅಪ್ಪ ಮಲಗಿ ನೋಡಿ ಮಗನಿಗೆ ಕೊಳ್ಳುವುದರಲ್ಲಿ ಈ ಅಪಾಯವಿದೆ.

ಉದ್ದದ ಲೆಕ್ಕ ಇನ್ನೂ ಮುಖ್ಯ. ಅಂಗಡಿಯಲ್ಲಿ ದೊರೆಯುವುದು ಸಾಮಾನ್ಯವಾಗಿ 72, 75, 78 ಅಂಗುಲದವು. ಆರಡಿಯ ಹಾಸಿಗೆ ಐದು ಅಡಿ ಒಂಬತ್ತರ ಹುಡುಗನಿಗೆ ಸಾಕೆಂದು ಗಣಿತ ಹೇಳುತ್ತದೆ. ಆದರೆ ಮಲಗಿದಾಗ ಪಾದಗಳು ಮುಂದಕ್ಕೆ ಬಾಗುತ್ತವೆ, ದಿಂಬು ತಲೆಯನ್ನು ಕೆಳಗೆ ತಳ್ಳುತ್ತದೆ. ಆಳಿನ ಎತ್ತರಕ್ಕಿಂತ ನಾಲ್ಕಾರು ಅಂಗುಲ ಹೆಚ್ಚಿರಬೇಕು. ಬೆಳೆಯುವವನಾದರೆ ಬೆಳೆಯಲಿರುವುದನ್ನೂ ಸೇರಿಸಬೇಕು. ಮಂಚದ ಕಾಲ ಕಡೆಗೆ ಎತ್ತರದ ಹಲಗೆಯಿಲ್ಲದಿದ್ದರೆ ಒಳಿತು. ಹಾಸಿಗೆಯನ್ನು ಹೊರುವ ಅಡ್ಡಪಟ್ಟಿಗಳು ಒತ್ತಾಗಿರಬೇಕು. ಸಂದು ಅಗಲವಾದರೆ ಎಂಥ ಬೆಲೆಯ ಹಾಸಿಗೆಯಾದರೂ ಜೋತುಬೀಳುತ್ತದೆ. ಜೋತ ನವಾರಿನ ಮಂಚದಲ್ಲಿ ಮಲಗಿ ಎದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹತ್ತಿಯ ಹಾಸಿಗೆಯನ್ನು ಬಿಸಿಲಿಗೆ ಹಾಕಿದರೆ ಅದಕ್ಕೆ ಆಯುಸ್ಸು. ಲ್ಯಾಟೆಕ್ಸಿಗೆ ಬಿಸಿಲೇ ಶತ್ರು, ಅದನ್ನು ನೆರಳಿನಲ್ಲಿ ಗಾಳಿಗಿಡಬೇಕು.

ಅಂಗಡಿಯಲ್ಲಿ ಒಂದು ಸಂಗತಿ ನಡೆಯಿತು. ಮಗ ಪ್ರತಿಯೊಂದು ಹಾಸಿಗೆಯ ಮೇಲೂ ಮಲಗಿ ಎದ್ದು, ಮೂಲೆಯಲ್ಲಿದ್ದ ತೆಳ್ಳನೆಯದೊಂದನ್ನು ತೋರಿಸಿ, “ಇದೇ ಚೆನ್ನಾಗಿದೆ ಅಪ್ಪ, ಇದೇ ಸಾಕು” ಎಂದ. ನನಗೂ ಸರಿಯೆನಿಸಿತು. ನನ್ನಾಕೆ ಮೊಣಕೈಯಿಂದ ತಿವಿದು, “ಅವನು ನೋಡಿದ್ದು ಹಾಸಿಗೆಯನ್ನಲ್ಲ, ಬೆಲೆಯ ಚೀಟಿಯನ್ನು” ಎಂದು ಪಿಸುಗುಟ್ಟಿದಳು. ನಾನು ತರುಣನನ್ನು ಕರೆದು ಎಲ್ಲ ಚೀಟಿಗಳನ್ನೂ ಒಳಗೆ ಮಡಿಸಿಡುವಂತೆ ಹೇಳಿದೆ. ಎರಡನೆಯ ಸಲ ಮಲಗಿದಾಗ ಹುಡುಗ ಬೇರೊಂದರ ಮೇಲೆ ಕಣ್ಣು ಮುಚ್ಚಿದ; ನಾರಿನ ಬುನಾದಿಯ ಮೇಲೆ ಲ್ಯಾಟೆಕ್ಸಿನ ಪದರವಿದ್ದದ್ದು ಅದು, ದಪ್ಪ ಆರು ಅಂಗುಲ. ಐದು ನಿಮಿಷದಲ್ಲಿ ಅವನಿಗೆ ನಿಜವಾಗಿಯೂ ನಿದ್ರೆ ಹತ್ತಿತ್ತು. ಅದಕ್ಕಿಂತ ಹೆಚ್ಚಿನ ಪ್ರಮಾಣಪತ್ರ ಯಾವ ಹಾಸಿಗೆಗೆ ಬೇಕು? ಬೆಲೆ ನನ್ನ ಅಂದಾಜನ್ನು ಮೀರಿತ್ತು, ನಿಜ. ಈ ವರ್ಷ ನನ್ನ ಪುಸ್ತಕದ ಕಪಾಟು ಆಗಲಿಲ್ಲ; ಪುಸ್ತಕಗಳು ಕೆಳಗೆ ಮಲಗಿವೆ.

ಹಾಸಿಗೆ ಬಂದರೂ ಹುಡುಗ ಬೆಳಗ್ಗೆ ಆರಕ್ಕೆ ಏಳುತ್ತಾನೆಂದಲ್ಲ. ಇದರಲ್ಲಿಯೂ ನಾನೇ ಸ್ವಲ್ಪ ಓದಿಕೊಳ್ಳಬೇಕಾಯಿತು. ಬೆಳೆದಂತೆ ನಿದ್ರೆಯ ಅಗತ್ಯ ಇಳಿಯುತ್ತದೆಂದು ನಾವೆಲ್ಲ ನಂಬಿದ್ದೆವು. 1970ರ ದಶಕದಲ್ಲಿ ಮೇರಿ ಕಾರ್ಸ್ಕಡನ್ ಮತ್ತು ಅವರ ಸಹೋದ್ಯೋಗಿಗಳು ಸ್ಟಾನ್‌ಫರ್ಡಿನಲ್ಲಿ ಬೇಸಗೆಯ ಶಿಬಿರ ನಡೆಸಿ, ಅದೇ ಮಕ್ಕಳನ್ನು ವರ್ಷದಿಂದ ವರ್ಷಕ್ಕೆ ಗಮನಿಸಿದಾಗ ಅದು ಸುಳ್ಳಾಯಿತು. ಹದಿಮೂರರಿಂದ ಹದಿನೆಂಟರವರೆಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಹೇಳಿತು. ಅದರ ಮೇಲೆ, ಈ ವಯಸ್ಸಿನಲ್ಲಿ ನಿದ್ರೆಗೆ ಕರೆಯುವ ಮೆಲಟೋನಿನ್ ಎಂಬ ರಸ ರಾತ್ರಿ ತಡವಾಗಿ ಒಸರಲಾರಂಭಿಸುತ್ತದೆ. ಹುಡುಗನ ಒಳಗಿನ ಗಡಿಯಾರವೇ ಹಿಂದೆ ಬೀಳುತ್ತದೆ. ಅಂಗೈಯಲ್ಲಿ ಬೆಳಗುವ ಮೊಬೈಲು ಅದನ್ನು ಇನ್ನಷ್ಟು ಹಿಂದಕ್ಕೆಳೆಯುತ್ತದೆ. ಪ್ರೌಢಶಾಲೆಗಳು ಬೆಳಗ್ಗೆ ಎಂಟೂವರೆಗೆ ಮೊದಲು ಆರಂಭವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿಯೇ ಸಲಹೆ ಕೊಟ್ಟಿದೆ. ಬೆಳಗ್ಗೆ ಆರಕ್ಕೇ ಟ್ಯೂಷನ್ನಿಗೆ ಹುಡುಗರನ್ನು ಅಟ್ಟುವ ನಾವು ಇದನ್ನು ಓದಿ ಪುಟ ತಿರುಗಿಸುತ್ತೇವೆ.

ಹೀಗೆ ಸೋಮಾರಿತನವೆಂದು ನಾನು ಎರಡು ವರ್ಷ ಗದರಿದ್ದರಲ್ಲಿ ಒಂದು ಪಾಲು ಪ್ರಕೃತಿಯದು, ಇನ್ನೊಂದು ಪಾಲು ಆ ಗಿಡ್ಡ ಮಂಚದ್ದು. ಇದನ್ನು ಅವನಿಗೆ ಹೇಳಿದೆ. ಕ್ಷಮೆ ಕೇಳುವ ಅಭ್ಯಾಸ ನಮ್ಮ ಪೀಳಿಗೆಯ ತಂದೆಯರಿಗಿಲ್ಲವಾದ್ದರಿಂದ ಮೆಲಟೋನಿನ್ನಿನ ಪಾಠವನ್ನೇ ಮಾಡಿದೆ. ಅವನಿಗೆ ಅರ್ಥವಾಯಿತೆಂದು ತೋರುತ್ತದೆ. ಆ ರಾತ್ರಿಯಿಂದ ಮೊಬೈಲನ್ನು ತಾನಾಗಿಯೇ ತಂದು ನಡುಮನೆಯ ಮೇಜಿನ ಮೇಲಿಡುತ್ತಿದ್ದಾನೆ. ಟ್ಯೂಷನ್ನನ್ನು ಸಂಜೆಗೆ ಬದಲಾಯಿಸಿದ್ದೇವೆ.

ಹೊಸ ಮಂಚದಲ್ಲಿ ಮಲಗಿದ ಮೊದಲ ರಾತ್ರಿ, ಹೊಸ ಹೊದಿಕೆಯನ್ನು ಬದಿಗಿಟ್ಟು ಅಜ್ಜಿಯ ಹಳೆಯ ಸೀರೆಗಳಿಂದ ಹೊಲಿದ ಕೌದಿಯನ್ನು ಕೇಳಿ ತೆಗೆದುಕೊಂಡ. ಎರಡು ಗಂಟೆಗೆ ನನಗೆ ಮತ್ತೆ ಬಾಯಾರಿಕೆಯಾಯಿತು. ಅಥವಾ ಆಯಿತೆಂದುಕೊಂಡು ಎದ್ದೆ. ಹುಡುಗ ನೀಳವಾಗಿ ಮಲಗಿದ್ದ. ಪಾದಗಳಿಗೂ ಮಂಚದ ಅಂಚಿಗೂ ನಡುವೆ ಸುಮಾರು ಒಂದು ಗೇಣು ಜಾಗ ಮಿಕ್ಕಿತ್ತು. ಕೌದಿ ಕಾಲಿನವರೆಗೆ ಬಂದಿರಲಿಲ್ಲ. ಎಳೆದು ಹೊದಿಸಿ ಬಂದೆ.