ಮರುಭೂಮಿಯ ಸದ್ದು, ಕಾವ್ಯದ ಬಂಧ

ಕವಿಯೊಬ್ಬನ ಹೊಸ ಸಂಕಲನ ಹಿಂದಿನದಕ್ಕಿಂತ ಬೆಳೆದಿದೆ ಎಂದು ನಾವು ಯಾವ ಆಧಾರದಿಂದ ಹೇಳುತ್ತೇವೆ? ಮೂರು ದಶಕಗಳ ಕಾಲ ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳುತ್ತ ಬಂದವನು ನಾನು. ನಿವೃತ್ತನಾದ ಮೇಲೆ ಅದನ್ನು ನನಗೇ ಹಿಂದಿರುಗಿಸಿದವನು ನನ್ನ ಮೊಮ್ಮಗ. ಅವನ ಕೋಣೆಯಿಂದ ಬರುತ್ತಿದ್ದ ಸಂಗೀತವನ್ನು ಗದ್ದಲವೆಂದು ಕರೆದು ಬಾಗಿಲು ಮುಚ್ಚಿಸುತ್ತಿದ್ದೆ. "ಪೂರ್ತಿ ಓದದೆ ವಿಮರ್ಶೆ ಬರೆಯಬಾರದು ಎಂದು ನೀವೇ ಹೇಳುತ್ತೀರಲ್ಲ, ತಾತ?" ಎಂದು ಅವನು ಒಂದು ದಿನ ಕೇಳಿದ. ಉತ್ತರವಿಲ್ಲದೆ ಅವನ ಪಕ್ಕದಲ್ಲಿ ಕುಳಿತೆ.

ಆ ಸಂಗೀತಕ್ಕೆ ಸ್ಟೋನರ್ ರಾಕ್ ಎಂದು ಹೆಸರು. 'ಸ್ಟೋನರ್' ಎಂದರೆ ಅಮಲೇರಿಸಿಕೊಂಡವನು, ಹೆಸರು ಗೌರವದ್ದಲ್ಲ. ಮಂದಗತಿ, ತಗ್ಗಿದ ಶ್ರುತಿ, ಒಂದೇ ಸ್ವರಗುಚ್ಛದ ಹಟತೊಟ್ಟ ಆವರ್ತನೆ ಇವು ಅದರ ಲಕ್ಷಣಗಳು. ನಾನು ಕೇಳಿದ್ದು ಕೈಯಸ್ ಎಂಬ ತಂಡದ ಕೃತಿಗಳನ್ನು.

ಅಮೆರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದ ಮರುಭೂಮಿಯಲ್ಲಿ ಪಾಮ್ ಡೆಸರ್ಟ್ ಎಂಬ ಊರಿದೆ. ಅಲ್ಲಿನ ಹುಡುಗರು ರಾತ್ರಿ ಬಯಲಿಗೆ ಹೋಗಿ, ಜನರೇಟರಿನಿಂದ ವಿದ್ಯುತ್ತು ಪಡೆದು, ನಕ್ಷತ್ರಗಳ ಕೆಳಗೆ ನುಡಿಸುತ್ತಿದ್ದರು. ಗೋಡೆಯಿಲ್ಲದಲ್ಲಿ ನಾದ ಮರಳಿ ಬಾರದು; ಬಯಲನ್ನು ತುಂಬಲು ಅದಕ್ಕೆ ತೂಕ ಬೇಕು. ಗಿಟಾರ್ ವಾದಕ ಜಾಶ್ ಹೋಮ್ ತನ್ನ ತಂತಿಗಳನ್ನು ವಾಡಿಕೆಗಿಂತ ನಾಲ್ಕು ಅರ್ಧಸ್ವರ ಕೆಳಗಿಳಿಸಿ, ಬಾಸ್ ಗಿಟಾರಿಗೆಂದು ಮಾಡಿದ ಧ್ವನಿವರ್ಧಕಗಳ ಮೂಲಕ ನುಡಿಸಿದನು. ಮಂದ್ರದ ಆ ಗುಡುಗು ಕಿವಿಗಿಂತ ಮೊದಲು ಎದೆಗೆ ತಟ್ಟುತ್ತದೆ.

1991ರ 'ರೆಚ್' ಎಂಬ ಮೊದಲ ಧ್ವನಿಮುದ್ರಿಕೆಯಲ್ಲಿ ಹುರುಪಿದೆ, ಹದವಿಲ್ಲ. 1992ರ 'ಬ್ಲೂಸ್ ಫಾರ್ ದ ರೆಡ್ ಸನ್' ಎಂಬುದರಲ್ಲಿ ತಂಡಕ್ಕೆ ಸ್ವಂತ ಧ್ವನಿ ಒಲಿದಿದೆ. ಎರಡನೆಯದೇ ಶ್ರೇಷ್ಠವೆನ್ನುವವರು ಅನೇಕರು. ಆದರೆ ಧ್ವನಿ ಒಲಿಯುವುದು ಒಂದು, ಆ ಧ್ವನಿಗೆ ಬಂಧ ಒದಗುವುದು ಇನ್ನೊಂದು. ಈ ಎರಡನೆಯ ಸಿದ್ಧಿಯನ್ನು ನಾನು ಕಂಡದ್ದು 1994ರ 'ವೆಲ್‌ಕಮ್ ಟು ಸ್ಕೈ ವ್ಯಾಲಿ'ಯಲ್ಲಿ.

ಅದರ ಹತ್ತು ಹಾಡುಗಳನ್ನು ಅಡಕಮುದ್ರಿಕೆಯಲ್ಲಿ ಮೂರೇ ಭಾಗಗಳಾಗಿ ಕೂಡಿಸಿದ್ದಾರೆ. ಇಷ್ಟವಾದ ಹಾಡೊಂದನ್ನು ಹೆಕ್ಕಿ ಕೇಳುವುದು ಸುಲಭವಲ್ಲ. ಸುಮಾರು ಐವತ್ತು ನಿಮಿಷಗಳ ಪಯಣವನ್ನು ಒಪ್ಪಿಕೊಳ್ಳಬೇಕು. ಮುಕ್ತಕಗಳನ್ನು ಬರೆಯುತ್ತಿದ್ದ ಕವಿ ಖಂಡಕಾವ್ಯಕ್ಕೆ ಕೈಹಾಕಿದಂತೆ ಇದು. ಎರಡನೆಯ ಭಾಗ ಎರಡೂವರೆ ನಿಮಿಷದ ಬಿರುಸಿನ ಹಾಡೊಂದರಿಂದ ತೊಡಗುತ್ತದೆ. ಅದರ ಬೆನ್ನಿಗೇ 'ಸ್ಪೇಸ್ ಕೆಡೆಟ್' ಬರುತ್ತದೆ: ವಿದ್ಯುತ್ತಿನ ಹಂಗಿಲ್ಲದ ಗಿಟಾರ್, ಜಾನ್ ಗಾರ್ಸಿಯಾನ ತಗ್ಗಿದ ಕಂಠ, ಏಳು ನಿಮಿಷಗಳ ವಿಲಂಬ. ಬೇರೆಯಾಗಿ ಕೇಳಿದ್ದರೆ ಅದು ನನಗೆ ಸಪ್ಪೆಯೆನಿಸುತ್ತಿತ್ತು. ಬಿಸಿಲಿನಿಂದ ಬಂದು ಜಗಲಿಯ ನೆರಳಿನಲ್ಲಿ ಕುಳಿತವನಿಗೆ ಮಾತ್ರ ಆ ತಂಪಿನ ಬೆಲೆ ತಿಳಿದೀತು. ರಭಸವನ್ನು ಬಲ್ಲವರು ಇಲ್ಲಿ ಮೌನವನ್ನೂ ಕಲಿತಿದ್ದಾರೆ.

ಈ ಬೆಳವಣಿಗೆ ಒಬ್ಬನದಲ್ಲ. ನಿಕ್ ಒಲಿವೆರಿಯ ಸ್ಥಾನಕ್ಕೆ ಬಂದ ಸ್ಕಾಟ್ ರೀಡರ್ ಬಾಸ್ ಗಿಟಾರಿಗೆ ರಾಗದ ನಡೆಯನ್ನು ತಂದನು. ನಿರ್ಮಾಪಕ ಕ್ರಿಸ್ ಗಾಸ್ ಹಿಂದಿನಂತೆಯೇ ಜೊತೆಗಿದ್ದನು. ಆದರೆ ಹೊಸ ಕೃತಿ ಮುಗಿದ ಮೇಲೆ ಡ್ರಮ್ ವಾದಕ ಬ್ರಾಂಟ್ ಬ್ಯೋರ್ಕ್ ತಂಡವನ್ನು ತೊರೆದನು. ಇನ್ನೊಂದು ಧ್ವನಿಮುದ್ರಿಕೆಯನ್ನು ಹೊರತಂದು 1995ರಲ್ಲಿ ತಂಡವೇ ಚದುರಿತು.

ಈ ಸಂಗೀತವನ್ನು ನಾನು ಪೂರ್ಣವಾಗಿ ಮೆಚ್ಚಿದೆನೆಂದರೆ ಸುಳ್ಳಾದೀತು. ಅದರ ಸಾಹಿತ್ಯ ಈಗಲೂ ನನ್ನ ಕಿವಿಗೆ ಸ್ಪಷ್ಟವಾಗದು. ಕೆಲವು ಆವರ್ತನೆಗಳು ಬೇಸರ ತರಿಸುತ್ತವೆ. ಆದರೂ ಬೆಳವಣಿಗೆಯೆಂದರೆ ಶಕ್ತಿ ಹೆಚ್ಚುವುದಷ್ಟೇ ಅಲ್ಲ, ಇರುವ ಶಕ್ತಿಯನ್ನು ಎಲ್ಲಿ ತಡೆಹಿಡಿಯಬೇಕೆಂದು ತಿಳಿಯುವುದು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ತರಗತಿಯಲ್ಲಿ ನಾನು ಕೊಟ್ಟಿರಲಿಲ್ಲ.

ಅಭಿಪ್ರಾಯಕ್ಕೆಂದು ಕಿರಿಯ ಕವಿಗಳು ತಂದುಕೊಟ್ಟ ಹಸ್ತಪ್ರತಿಗಳಲ್ಲಿ ಎಷ್ಟನ್ನು ನಾನು ಮೊದಲ ಪುಟಕ್ಕೇ ಮಡಿಸಿ ಹಿಂದಿರುಗಿಸಿದ್ದೇನೆಯೋ! ಅವುಗಳ ಮೂರನೆಯ ಭಾಗದಲ್ಲಿ ಏನಿತ್ತೋ, ಇನ್ನು ತಿಳಿಯುವ ದಾರಿಯಿಲ್ಲ.